ಸೆರೆಮನೆಯ ಕಾವಲುಗಾರನ ವಿರಾಮ: ಅಮೆರಿಕದಲ್ಲಿ ಪರಿಹಾರ ರಜೆಯ ಇತಿಹಾಸ

ನೌಕರರ ರಜೆಯ ನಿಯಮಗಳು ಇತಿಹಾಸದ ವಿದ್ಯಾರ್ಥಿಯ ಗಮನವನ್ನು ಸೆಳೆಯುವುದು ವಿರಳ. ಅವು ಕಚೇರಿಯ ಕಡತಗಳಿಗೆ ಸೇರಿದ ವಿಷಯವೆಂದು ನಾವು ಭಾವಿಸುತ್ತೇವೆ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಸಂಸ್ಥಾನ ಸರ್ಕಾರಗಳ ಸೆರೆಮನೆಗಳ ಕಾವಲುಗಾರರು ಮಾಡುವ ಹೆಚ್ಚುವರಿ ದುಡಿಮೆಗೆ ಪ್ರತಿಫಲವೇನು ಎಂಬ ಪ್ರಶ್ನೆಯು ಸಂವಿಧಾನದ ಒಂದು ಮೂಲಭೂತ ವಿವಾದದೊಡನೆ ಹೆಣೆದುಕೊಂಡಿದೆ. ಕೇಂದ್ರದ ಅಧಿಕಾರವು ಸಂಸ್ಥಾನದ ಸ್ವಂತ ಆಡಳಿತದೊಳಕ್ಕೆ ಎಷ್ಟು ದೂರ ಪ್ರವೇಶಿಸಬಹುದು ಎಂಬುದೇ ಆ ವಿವಾದ.

ಸೆರೆಮನೆಯ ದುಡಿಮೆಯ ಸ್ವರೂಪವನ್ನು ಮೊದಲು ಗಮನಿಸಬೇಕು. ಕಚೇರಿಯ ಬಾಗಿಲನ್ನು ಸಂಜೆ ಮುಚ್ಚಬಹುದು. ಸೆರೆಮನೆಯ ಕಾವಲನ್ನು ಒಂದು ಕ್ಷಣವೂ ಬರಿದಾಗಿ ಬಿಡಲಾಗದು. ಮುಂದಿನ ಪಾಳಿಯವನು ಬಾರದಿದ್ದರೆ ಹಿಂದಿನ ಪಾಳಿಯವನೇ ನಿಲ್ಲಬೇಕಾಗುತ್ತದೆ. ಆದುದರಿಂದ ಹೆಚ್ಚುವರಿ ದುಡಿಮೆಯು ಇಲ್ಲಿ ಎಂದೋ ಒಮ್ಮೆ ಒದಗುವ ಅಪವಾದವಲ್ಲ.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರ ಕಾಲದಲ್ಲಿ, 1938ರಲ್ಲಿ, ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಎಂಬ ಕಾರ್ಮಿಕ ಶಾಸನವು ಜಾರಿಗೆ ಬಂದಿತು. ವಾರದ ದುಡಿಮೆಗೆ ಮಿತಿಯನ್ನು ವಿಧಿಸಿ, ಮಿತಿ ಮೀರಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ವೇತನವನ್ನು ಅದು ಗೊತ್ತುಪಡಿಸಿತು. ಆದರೆ ಸಂಸ್ಥಾನ ಸರ್ಕಾರಗಳನ್ನು ಉದ್ಯೋಗದಾತರ ವ್ಯಾಖ್ಯೆಯಿಂದಲೇ ಹೊರಗಿರಿಸಿತ್ತು. ಗಿರಣಿಯ ಕಾರ್ಮಿಕನಿಗೆ ದೊರೆತ ರಕ್ಷಣೆ ಸೆರೆಮನೆಯ ಕಾವಲುಗಾರನಿಗೆ ದೊರೆಯಲಿಲ್ಲ. 1966ರ ತಿದ್ದುಪಡಿಯು ಸಂಸ್ಥಾನಗಳ ಆಸ್ಪತ್ರೆ ಮತ್ತು ಶಾಲೆಗಳ ನೌಕರರನ್ನು ಶಾಸನದ ವ್ಯಾಪ್ತಿಗೆ ತಂದಿತು. 1974ರ ತಿದ್ದುಪಡಿಯು ಉಳಿದ ಬಹುತೇಕ ಸರ್ಕಾರಿ ನೌಕರರನ್ನೂ ಸೇರಿಸಿಕೊಂಡು, ಪೊಲೀಸರಿಗಾಗಿ ರಚಿಸಿದ ವಿಶೇಷ ವಿಧಿಯಲ್ಲಿ ಸೆರೆಮನೆಯ ಕಾವಲು ಸಿಬ್ಬಂದಿಯನ್ನು ಸ್ಪಷ್ಟವಾಗಿ ಹೆಸರಿಸಿತು.

ಈ ಹಕ್ಕು ಬೇರೂರುವ ಮೊದಲೇ ಕುಸಿಯಿತು. ನ್ಯಾಷನಲ್ ಲೀಗ್ ಆಫ್ ಸಿಟೀಸ್ ವಿರುದ್ಧ ಯೂಸರಿ ಮೊಕದ್ದಮೆಯಲ್ಲಿ, 1976ರಲ್ಲಿ, ಸಂಸ್ಥಾನಗಳ ಪಾರಂಪರಿಕ ಆಡಳಿತ ಕಾರ್ಯಗಳಲ್ಲಿ ಕೇಂದ್ರವು ಕೈಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 5-4ರ ಬಹುಮತದಿಂದ ತೀರ್ಪಿತ್ತಿತು. ಒಂಬತ್ತು ವರ್ಷಗಳ ತರುವಾಯ, 1985ರ ಫೆಬ್ರವರಿಯಲ್ಲಿ, ಗಾರ್ಸಿಯಾ ಮೊಕದ್ದಮೆಯ ತೀರ್ಪು ಅದನ್ನು ರದ್ದುಗೊಳಿಸಿತು. ಬಹುಮತ ಆಗಲೂ 5-4. ಹಿಂದೆ ಸಂಸ್ಥಾನಗಳ ಪರವಾಗಿದ್ದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ನರು ಅಭಿಪ್ರಾಯವನ್ನು ಬದಲಿಸಿ, ಈ ತೀರ್ಪನ್ನು ತಾವೇ ಬರೆದರು. ಸಹಸ್ರಾರು ಕಾವಲುಗಾರರ ವಿರಾಮವು ಹೀಗೆ ಒಬ್ಬ ನ್ಯಾಯಮೂರ್ತಿಯ ಮತದ ಮೇಲೆ ನಿಂತಿತ್ತೆಂಬುದು ವಿಚಾರಾರ್ಹವಾಗಿದೆ.

ನಗದು ವೇತನದ ಹೊರೆಗೆ ಅಂಜಿದ ಸಂಸ್ಥಾನಗಳೂ ನಗರಗಳೂ ಕಾಂಗ್ರೆಸ್ಸಿಗೆ ಮೊರೆಯಿಟ್ಟವು. ಅದೇ ವರ್ಷದ ನವೆಂಬರಿನ ತಿದ್ದುಪಡಿಯು ಒಂದು ಮಧ್ಯಮಮಾರ್ಗವನ್ನು ಹಿಡಿಯಿತು: ಮೊದಲೇ ಒಪ್ಪಂದವಿದ್ದರೆ, ಹಣಕ್ಕೆ ಬದಲಾಗಿ ಪ್ರತಿ ಹೆಚ್ಚುವರಿ ಗಂಟೆಗೆ ಒಂದೂವರೆ ಗಂಟೆಯ ಪರಿಹಾರ ರಜೆ. ಸಾಮಾನ್ಯ ನೌಕರನ ಖಾತೆಯಲ್ಲಿ 240 ಗಂಟೆಗಳವರೆಗೆ, ಕಾವಲು ಸಿಬ್ಬಂದಿಯ ಖಾತೆಯಲ್ಲಿ 480 ಗಂಟೆಗಳವರೆಗೆ ಈ ರಜೆಯನ್ನು ಕೂಡಿಡಬಹುದು. ಮಿತಿ ಮೀರಿದುದಕ್ಕೆ ಹಣವನ್ನೇ ಕೊಡಬೇಕು. 480 ಗಂಟೆಗಳೆಂದರೆ 320 ಗಂಟೆಗಳ ಹೆಚ್ಚುವರಿ ದುಡಿಮೆ. ವಿಶೇಷ ವಿಧಿಯನ್ನು ಅನುಸರಿಸುವ ಸೆರೆಮನೆಯಲ್ಲಿ 28 ದಿನಗಳಿಗೆ 171 ಗಂಟೆಗಳಾದ ಮೇಲೆಯೇ ಹೆಚ್ಚುವರಿ ಲೆಕ್ಕ ಆರಂಭವಾಗುತ್ತದೆ. ವಾರಕ್ಕೆ 40 ಗಂಟೆಯ ನೌಕರನಿಗೆ ಇದೇ ಅವಧಿಯ ಮಿತಿ 160 ಗಂಟೆಗಳು.

ಇಲ್ಲಿ ಪರಿಹಾರ ರಜೆಗೂ ವಾರ್ಷಿಕ ರಜೆಗೂ ಇರುವ ಅಂತರವನ್ನು ಮರೆಯಬಾರದು. ವಾರ್ಷಿಕ ರಜೆಯನ್ನು ಈ ಕೇಂದ್ರ ಶಾಸನವು ಯಾರಿಗೂ ಕಡ್ಡಾಯಗೊಳಿಸಿಲ್ಲ. ಅದು ಆಯಾ ಸಂಸ್ಥಾನದ ಕಾನೂನಿಗೆ ಅಥವಾ ನೌಕರರ ಸಂಘದೊಡನೆ ಆದ ಒಪ್ಪಂದಕ್ಕೆ ಬಿಟ್ಟ ವಿಷಯ. ಪರಿಹಾರ ರಜೆಯಾದರೋ ದುಡಿದು ಗಳಿಸಿದ ವೇತನದ ಇನ್ನೊಂದು ರೂಪ. ಅದನ್ನು ಬಳಸದೆಯೇ ನೌಕರನು ಕೆಲಸ ಬಿಟ್ಟರೆ ಸರ್ಕಾರವು ಹಣವಾಗಿ ತೀರಿಸಲೇಬೇಕು. ಮೊದಲನೆಯದು ಸೌಲಭ್ಯ, ಎರಡನೆಯದು ಸಾಲ.

ಆದರೆ ಸಾಲಕೊಟ್ಟವನಿಗೆ ಅದನ್ನು ವಸೂಲು ಮಾಡುವ ಸ್ವಾತಂತ್ರ್ಯ ಎಷ್ಟಿದೆ? ಕೇಳಿದ ರಜೆಯನ್ನು ಸಮಂಜಸವಾದ ಅವಧಿಯೊಳಗೆ ಕೊಡಬೇಕೆಂದು ಶಾಸನವು ಹೇಳಿ, ಆಡಳಿತಕ್ಕೆ ವಿಪರೀತ ಅಡಚಣೆಯಾಗುವಂತಿದ್ದರೆ ಕೊಡಬೇಕಿಲ್ಲವೆಂದೂ ಹೇಳಿತು. ಸಿಬ್ಬಂದಿಯ ಕೊರತೆಯಿರುವ ಸೆರೆಮನೆಯಲ್ಲಿ ಈ ಅಪವಾದವು ಸುಲಭವಾಗಿ ನಿಯಮವಾಗಬಲ್ಲದು. ಮತ್ತೊಂದೆಡೆ, ಟೆಕ್ಸಾಸಿನ ಹ್ಯಾರಿಸ್ ಕೌಂಟಿಯ ಷೆರೀಫ್ ಸಿಬ್ಬಂದಿಯ ಮೊಕದ್ದಮೆಯಲ್ಲಿ, ಬೇಡದ ವೇಳೆಯಲ್ಲಿಯೂ ನೌಕರರು ಪರಿಹಾರ ರಜೆಯನ್ನು ಬಳಸುವಂತೆ ಉದ್ಯೋಗದಾತನು ಆಜ್ಞಾಪಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಮಾನಿಸಿತು. ಅದಕ್ಕೂ ಒಂದು ವರ್ಷ ಹಿಂದೆ, ಆಲ್ಡೆನ್ ವಿರುದ್ಧ ಮೇನ್ ಮೊಕದ್ದಮೆಯಲ್ಲಿ, ಸಂಸ್ಥಾನವು ಸಮ್ಮತಿಸದ ಹೊರತು ಅದರ ನೌಕರರು ಹೆಚ್ಚುವರಿ ವೇತನದ ಬಾಕಿಗಾಗಿ ಅದರ ನ್ಯಾಯಾಲಯಗಳಲ್ಲಿ ದಾವೆ ಹೂಡಲಾರರೆಂದು ತೀರ್ಪಾಗಿತ್ತು. ಅವರ ಪರವಾಗಿ ಕೇಂದ್ರ ಸರ್ಕಾರವೇ ದಾವೆ ಹೂಡುವ ಮಾರ್ಗ ಮಾತ್ರ ಮುಕ್ತವಾಗಿ ಉಳಿಯಿತು.

ಈ ವೃತ್ತಾಂತದಿಂದ ನಾವು ಒಂದು ನಿರ್ಣಯಕ್ಕೆ ಬರಬಹುದು. ಶಾಸನದ ಪುಸ್ತಕದಲ್ಲಿ ಹಕ್ಕು ಯಾವಾಗ ದಾಖಲಾಯಿತೆಂಬುದನ್ನಷ್ಟೇ ಬರೆದರೆ ಇತಿಹಾಸವು ಪೂರ್ಣವಾಗದು. ರಜೆಯ ದಿನವನ್ನು ಗೊತ್ತುಪಡಿಸುವವರು ಯಾರು, ಕೊಡದಿದ್ದಾಗ ಕೇಳುವ ಸ್ಥಳ ಯಾವುದು ಎಂಬುದನ್ನೂ ವಿಚಾರಿಸಬೇಕು. ಸೆರೆಮನೆಗಳ ಇತಿಹಾಸವನ್ನು ಬರೆಯುವವರು ಕೈದಿಗಳ ಸ್ಥಿತಿಗತಿಯ ಜೊತೆಗೆ ಕಾವಲುಗಾರರ ಗಂಟೆಗಳನ್ನೂ ಪರಿಶೀಲಿಸಿದಲ್ಲಿ, ಪ್ರಭುತ್ವವು ತನ್ನ ಸೇವಕರ ಋಣವನ್ನು ಹೇಗೆ ತೀರಿಸುತ್ತದೆಂಬುದು ಇನ್ನಷ್ಟು ಸ್ಪಷ್ಟವಾದೀತೆಂದು ನಾವು ನಂಬುತ್ತೇವೆ.