ಗಾಳಿ ಮತ್ತು ರಕ್ತ: ಬೆಂಗಳೂರಿನ ಹೊರವಲಯದಲ್ಲಿ ಪಾರ್ಶ್ವವಾಯು ಹಾಗೂ ಡಾಪ್ಲರ್ ಪರೀಕ್ಷೆ

ಜನಸಮುದಾಯವು ರೋಗಕ್ಕೆ ಇಡುವ ಹೆಸರಿನಲ್ಲಿ ಆ ರೋಗದ ಕಾರಣವನ್ನು ಕುರಿತ ವಿವರಣೆಯೂ ಅಡಗಿರುತ್ತದೆ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಇಲ್ಲವೆ ಒಡೆದಾಗ ಉಂಟಾಗುವ ಕಾಯಿಲೆಯನ್ನು ಶಿಷ್ಟ ಕನ್ನಡವು ಪಾರ್ಶ್ವವಾಯು ಎನ್ನುತ್ತದೆ. ಜನರ ಮಾತಿನಲ್ಲಿ ಅದು ಲಕ್ವ. ಆಯುರ್ವೇದದ ಪಕ್ಷಾಘಾತವೂ ವಾತವ್ಯಾಧಿಗಳಲ್ಲಿ ಒಂದು. ಮಾತು ತೊದಲಿ, ಕೈ ಸೋತು, ಸ್ವಲ್ಪ ಹೊತ್ತಿನಲ್ಲೇ ಸರಿಹೋದರೆ ‘ಗಾಳಿ ಸೋಕಿತು’ ಎನ್ನುವುದೂ ಉಂಟು. ಮೊದಲನೆಯ ವಾಯು ದೇಹದೊಳಗಿನ ದೋಷ; ಎರಡನೆಯ ಗಾಳಿ ಹೊರಗಿನಿಂದ ತಾಗುವ ಶಕ್ತಿ. ಎರಡೂ ಹೆಸರುಗಳಲ್ಲಿ ರಕ್ತದ ಸುಳಿವಿಲ್ಲ. ರಕ್ತದ ಹರಿವನ್ನೇ ಅಳೆಯುವ ಪರೀಕ್ಷೆಯೊಂದು ಈ ತಿಳಿವಳಿಕೆಯ ನಡುವೆ ಬಂದುದನ್ನು ಬೆಂಗಳೂರಿನ ಹೊರವಲಯದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಲಿಸುವ ಆಕರದ ತರಂಗಗಳ ಆವರ್ತನ ಬದಲಾಗುವುದನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದನು. 1950ರ ದಶಕದಲ್ಲಿ ಜಪಾನಿನ ಒಸಾಕದ ಶಿಗೆಯೊ ಸಟೊಮುರಾ ಈ ತತ್ತ್ವವನ್ನು ಹೃದಯ ಹಾಗೂ ರಕ್ತದ ಚಲನೆಯ ಅಧ್ಯಯನಕ್ಕೆ ಬಳಸಿದರು. ಯಂತ್ರ ಕಳುಹಿಸಿದ ಶಬ್ದತರಂಗ ಕೆಂಪು ರಕ್ತಕಣಗಳಿಗೆ ತಾಗಿ ಮರಳುತ್ತದೆ. ಅದರ ಆವರ್ತನದ ವ್ಯತ್ಯಾಸದಿಂದ ರಕ್ತದ ವೇಗ ತಿಳಿಯುತ್ತದೆ. ನಾಳ ಕಿರಿದಾದೆಡೆ ವೇಗ ಹೆಚ್ಚುತ್ತದೆ. ಕೊರಳಿನ ಕ್ಯಾರೋಟಿಡ್ ನಾಳಗಳನ್ನು ಹೀಗೆ ನೋಡುವುದು ಸುಲಭ. ತಲೆಬುರುಡೆ ಮಾತ್ರ ಅಡ್ಡಿಯಾಗಿತ್ತು. ಕಣತಲೆಯ ತೆಳುವಾದ ಮೂಳೆಯ ಮೂಲಕ ಸುಮಾರು 2 ಮೆಗಾಹರ್ಟ್ಸ್ ತರಂಗವನ್ನು ಹಾಯಿಸಿ ಮಿದುಳಿನ ನಾಳಗಳ ವೇಗವನ್ನು ಅಳೆಯುವ ವಿಧಾನವನ್ನು 1982ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ಪ್ರಕಟಿಸಿದರು. ಇದಕ್ಕೆ ಸೂಜಿ ಬೇಡ, ವಿಕಿರಣವಿಲ್ಲ. ಆದರೆ ಮೂಳೆ ದಪ್ಪವಾಗಿರುವವರಲ್ಲಿ, ವಿಶೇಷವಾಗಿ ವಯಸ್ಸಾದ ಹೆಂಗಸರಲ್ಲಿ, ಈ ಪರೀಕ್ಷೆ ಫಲಿಸದಿರುವುದುಂಟು.

ಬೆಂಗಳೂರಿನಲ್ಲಿ ನರರೋಗ ಚಿಕಿತ್ಸೆಯ ಪ್ರಮುಖ ಕೇಂದ್ರ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್. ಹೊರವಲಯದ ಚರಿತ್ರೆ ಬೇರೆಯದು. 1882ರಲ್ಲಿ ಆಂಗ್ಲೋ-ಇಂಡಿಯನ್ನರ ಕೃಷಿ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್‌ಗೆ ವೈದ್ಯಕೀಯ ಉಪಕರಣಗಳ ಉದ್ಯಮ ಬಂದಿತು. 1990ರಲ್ಲಿ ಸ್ಥಾಪನೆಯಾದ ವಿಪ್ರೊ ಜಿಇ ಸಂಸ್ಥೆಯ ಉತ್ಪನ್ನಗಳಲ್ಲಿ ಅಲ್ಟ್ರಾಸೌಂಡ್ ಯಂತ್ರಗಳೂ ಸೇರಿವೆ. 2001ರ ಜನವರಿಯಲ್ಲಿ ಅಲ್ಲಿಯೇ ಉದ್ಘಾಟನೆಗೊಂಡ ಸತ್ಯಸಾಯಿ ಉನ್ನತ ವೈದ್ಯವಿಜ್ಞಾನ ಸಂಸ್ಥೆ ಹೃದಯ ಹಾಗೂ ನರರೋಗಗಳಿಗೆ ಉಚಿತ ಚಿಕಿತ್ಸೆ ನೀಡುತ್ತ ಬಂದಿದೆ. ಹೀಗೆ ಯಂತ್ರದ ತಯಾರಿಕೆ ಮತ್ತು ಅದರ ಬಳಕೆ ಎರಡೂ ಹಳೆಯ ಹಳ್ಳಿಗಳ ನೆರೆಗೆ ಬಂದವು.

ಹೆಸರಿನ ತೊಡಕು ಇಲ್ಲಿಯೂ ಮುಂದುವರಿಯಿತು. ‘ಸ್ಕ್ಯಾನಿಂಗ್’ ಎಂದೊಡನೆ ಜನರಿಗೆ ನೆನಪಾಗುವುದು ಬಸಿರು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯಿದೆಯಂತೆ ಹಾಕಬೇಕಾದ ಫಲಕ ಈ ಕಲ್ಪನೆಯನ್ನು ಇನ್ನಷ್ಟು ಗಟ್ಟಿಗೊಳಿಸಿರಬಹುದು. ಪೀಣ್ಯದ ಯಂತ್ರಾಗಾರದ ಕಾರ್ಮಿಕನಿಗೆ ಕೊರಳಿನ ಸ್ಕ್ಯಾನಿಂಗ್ ಬರೆದುಕೊಟ್ಟರೆ ಅದರ ಅಗತ್ಯ ತಟ್ಟನೆ ಅರ್ಥವಾಗುವುದು ಕಷ್ಟ.

ಈ ಪ್ರಶ್ನೆ ಕೇವಲ ಪದದ್ದಲ್ಲ. ಕೈಕಾಲು ಬಿದ್ದುಹೋದ ಮೇಲೆ ಮೊದಲು ಆಗಬೇಕಾದುದು ಸಿಟಿ ಸ್ಕ್ಯಾನ್. ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದನ್ನು ಡಾಪ್ಲರ್ ನಿರ್ಣಯಿಸಲಾರದು. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಪಾರಿವಾಳದ ರಕ್ತ ಸವರುವಂತಹ ನಂಬಿಕೆಯ ಚಿಕಿತ್ಸೆಗಳಲ್ಲಿ ಕಳೆಯುವುದು ಈ ಗಂಟೆಗಳೇ. ಕೊರಳಿನ ಡಾಪ್ಲರ್ ಹೆಚ್ಚು ಉಪಯುಕ್ತವಾಗುವುದು ಅದಕ್ಕೂ ಮುನ್ನ, ಅಂದರೆ ಸೋಲು ಬಂದು ಹೋದಾಗ. ಮುಂದಿನ ಕೆಲವೇ ದಿನಗಳಲ್ಲಿ ದೊಡ್ಡ ಆಘಾತದ ಅಪಾಯವಿರುತ್ತದೆ. ಅಂಥವರಲ್ಲಿ ಕೊರಳಿನ ನಾಳ ಶೇಕಡಾ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಅಪಾಯ ತಗ್ಗುವುದೆಂಬುದನ್ನು 1991ರಲ್ಲಿ ಉತ್ತರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಜನರು ‘ಗಾಳಿ ಸೋಕಿತು’ ಎಂದು ತಾಯಿತ ಕಟ್ಟಿಸುವ ಘಳಿಗೆಯೂ ವೈದ್ಯರು ಪರೀಕ್ಷೆ ಬಯಸುವ ಘಳಿಗೆಯೂ ಒಂದೇ ಎಂಬುದು ಗಮನಾರ್ಹ.

2022ರಲ್ಲಿ ರಾಜ್ಯ ಸರ್ಕಾರ, ನೀತಿ ಆಯೋಗ ಮತ್ತು ನಿಮ್ಹಾನ್ಸ್ ಕೂಡಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಈ ರೋಗಗಳ ಬಗ್ಗೆ ತರಬೇತಿ ನೀಡಲು ತೊಡಗಿತು. ಇಂತಹ ಕಾರ್ಯದಲ್ಲಿ ಜಾನಪದ ಅಧ್ಯಯನಕ್ಕೂ ಪಾಲಿದೆ. ಜನರ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ, ಅದನ್ನು ರೋಗಲಕ್ಷಣದ ವರದಿಯೆಂದು ಓದಬೇಕು. ‘ಗಾಳಿ ಸೋಕಿ ಸರಿಹೋಯಿತು’ ಎಂಬ ಹೇಳಿಕೆಯಲ್ಲಿ ಕಾರಣ ತಪ್ಪಿರಬಹುದು. ಗಮನಿಸಿದ ಲಕ್ಷಣ ತಪ್ಪಲ್ಲ. ಆ ಮಾತು ಕಿವಿಗೆ ಬಿದ್ದೊಡನೆ ಆರೋಗ್ಯ ಕಾರ್ಯಕರ್ತೆಯು ರೋಗಿಯನ್ನು ಅಂದೇ ಆಸ್ಪತ್ರೆಗೆ ಕಳುಹಿಸುವಂತಾದರೆ, ಹಳೆಯ ನುಡಿಯೇ ಹೊಸ ಪರೀಕ್ಷೆಗೆ ದಾರಿ ತೋರಿಸಬಲ್ಲದು.