ದೇಶನೂರಿನ ಭತ್ತಕ್ಕೆ ಯಾವ ದೇಶದ ಲೆಕ್ಕ?

ದೇಶಗಳನ್ನು ಹೋಲಿಸುವ ಪಟ್ಟಿಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಒಂದು ಕಡೆ ಭಾರತ, ಇನ್ನೊಂದು ಕಡೆ ಇಸ್ರೇಲ್. ವಿಸ್ತೀರ್ಣ, ಜನಸಂಖ್ಯೆ, ಸರಾಸರಿ ಮಳೆ. ಕೊನೆಯಲ್ಲಿ ಒಂದು ಚುಚ್ಚುಮಾತು: ಅಷ್ಟು ಕಡಿಮೆ ಮಳೆಯಲ್ಲಿ ಅವರು ಮಾಡಿದ್ದನ್ನು ನಮ್ಮ ರೈತರು ಯಾಕೆ ಮಾಡಲ್ಲ?

ಎಂಜಿನಿಯರಿಂಗ್ ಓದುವಾಗ ನಾನೂ ಇಂಥ ಪಟ್ಟಿಗಳನ್ನು ನಂಬಿದ್ದೆ. ಅಂಕಿ ಅಂದ್ರೆ ಸತ್ಯ ಅಂತ. ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲೂಕಿನ ದೇಶನೂರಿಗೆ ಹೋದಾಗ ಗದ್ದೆ ಬದುವಿನ ಮೇಲೆ ನಿಂತಿದ್ದ ಹಿರಿಯರೊಬ್ಬರು ಒಂದೇ ಮಾತಲ್ಲಿ ಆ ನಂಬಿಕೆ ಅಲುಗಾಡಿಸಿದರು. ಈ ಸಲ ಮಳೆ ಹೇಗೆ ಅಂತ ಕೇಳಿದ್ದೆ. 'ಇಲ್ಲಿ ಮಳಿ ಕೇಳಬ್ಯಾಡ್ರೀ ತಮ್ಮಾ, ಮಲೆನಾಡಾಗ ಎಷ್ಟಾತು ಅಂತ ಕೇಳ್ರಿ' ಅಂದರು.

ಹೋಲಿಕೆ ಮಾಡುವುದು ತಪ್ಪಲ್ಲ. ಏನನ್ನು ಯಾವುದರ ಜೊತೆ ಹೋಲಿಸುತ್ತೇವೆ ಅನ್ನೋದು ಮುಖ್ಯ. ದೇಶನೂರನ್ನೇ ಅಳತೆಗೋಲಾಗಿಟ್ಟು ನೋಡೋಣ.

ಮಳೆ: ಆಸ್ಟ್ರೇಲಿಯಾದ ಹತ್ತಿರ

ಭಾರತದ ವಾರ್ಷಿಕ ಸರಾಸರಿ ಮಳೆ ಸುಮಾರು 1,170 ಮಿ.ಮೀ. ಈ ಸರಾಸರಿಯೊಳಗೆ 7,000 ಮಿ.ಮೀ. ದಾಟುವ ಆಗುಂಬೆಯೂ ಇದೆ, ರಾಜಸ್ಥಾನದ ಮರುಭೂಮಿಯೂ ಇದೆ. ಸಿರುಗುಪ್ಪ ಭಾಗಕ್ಕೆ ಬೀಳುವುದು ವರ್ಷಕ್ಕೆ 600 ಮಿ.ಮೀ. ಆಸುಪಾಸು. ಇದು ಸುಮಾರು 500 ಮಿ.ಮೀ. ಸರಾಸರಿಯ ಆಸ್ಟ್ರೇಲಿಯಾಕ್ಕೆ ಹತ್ತಿರ, ಭಾರತದ ಸರಾಸರಿಗೆ ದೂರ.

ಆದರೆ ಆಸ್ಟ್ರೇಲಿಯಾದ ವಿಸ್ತೀರ್ಣ ಸುಮಾರು 77 ಲಕ್ಷ ಚದರ ಕಿ.ಮೀ., ಜನ 2.7 ಕೋಟಿಯಷ್ಟು. ಅಂದರೆ ಚದರ ಕಿ.ಮೀ.ಗೆ ಮೂರ‍್ನಾಲ್ಕು ಜನ. ಕರ್ನಾಟಕದಲ್ಲಿ 2011ರ ಜನಗಣತಿ ಪ್ರಕಾರ 319. ಅಲ್ಲಿನ ಮರ್ರೆ-ಡಾರ್ಲಿಂಗ್ ನದಿ ಬಯಲಲ್ಲೂ ಭತ್ತ ಬೆಳೀತಾರೆ. ಆದರೆ ಆ ವರ್ಷದ ನೀರಿನ ಹಂಚಿಕೆ ನೋಡಿ ಬಿತ್ತುತ್ತಾರೆ. 2007-08ರ ಬರದಲ್ಲಿ ಭತ್ತದ ಬೆಳೆ ಬಹುತೇಕ ನಿಂತೇ ಹೋಗಿತ್ತು. ಬಹುಪಾಲು ಅಕ್ಕಿ ರಫ್ತಿಗೆ ಬೆಳೆಯುವ, ಜನ ಕಡಿಮೆ ಇರುವ ದೇಶ ಅದನ್ನು ತಡೆದುಕೊಂಡಿತು.

ಬೆಳೆ: ಬಾಂಗ್ಲಾದೇಶದ್ದು

ಬಾಂಗ್ಲಾದೇಶ ಕರ್ನಾಟಕಕ್ಕಿಂತ ಚಿಕ್ಕದು. ನಮ್ಮದು 1.92 ಲಕ್ಷ ಚದರ ಕಿ.ಮೀ., ಅವರದ್ದು 1.48 ಲಕ್ಷ. ಜನ ಮಾತ್ರ 17 ಕೋಟಿ. ಗಂಗಾ-ಬ್ರಹ್ಮಪುತ್ರದ ಮುಖಜಭೂಮಿ, ವರ್ಷಕ್ಕೆ 2,000 ಮಿ.ಮೀ. ಮೀರಿದ ಮಳೆ. ಅಲ್ಲಿ ವರ್ಷದಲ್ಲಿ ಎರಡು-ಮೂರು ಸಲ ಭತ್ತ ಬೆಳೆಯುತ್ತಾರೆ ಅಂದ್ರೆ ಆಶ್ಚರ್ಯ ಇಲ್ಲ.

ಸಿರುಗುಪ್ಪದಲ್ಲೂ ಎರಡು ಬೆಳೆ ಭತ್ತ. ಒಂದು ಬೆಳೆಗೆ ಸುಮಾರು 1,200 ಮಿ.ಮೀ. ನೀರು ಬೇಕು, ಎಕರೆಗೆ ಹೆಚ್ಚೂಕಡಿಮೆ 48 ಲಕ್ಷ ಲೀಟರ್. ಎರಡು ಬೆಳೆಗೆ 2,400 ಮಿ.ಮೀ. ಬೀಳುವ ಮಳೆ 600. ಒಂದು ಹನಿ ಪೋಲಾಗದಿದ್ದರೂ ನಾಲ್ಕರಲ್ಲಿ ಮೂರು ಪಾಲು ನೀರು ಬೇರೆ ಕಡೆಯಿಂದ ಬರಬೇಕು.

ನದಿ: ಈಜಿಪ್ಟಿನಂತೆ

ಆ ಮೂರು ಪಾಲು ಬರುವುದು ತುಂಗಭದ್ರೆಯಿಂದ. ಸಿರುಗುಪ್ಪದ ಬಳಿ ನದಿ ಕವಲೊಡೆದು ದೇಶನೂರನ್ನು ದ್ವೀಪದಂತೆ ಸುತ್ತುತ್ತದೆ. ವಿಜಯನಗರ ಕಾಲದ ಕಾಲುವೆಗಳ ಪಟ್ಟಿಯಲ್ಲಿ ದೇಶನೂರಿನ ಹೆಸರೂ ಇದೆ. ಅಂದರೆ ಹೊರಗಿನ ನೀರು ನಂಬಿ ಬದುಕುವುದು ಇಲ್ಲಿ ನಿನ್ನೆ ಮೊನ್ನೆಯದಲ್ಲ.

ಜಗತ್ತಿನಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಈಜಿಪ್ಟ್. ವಿಸ್ತೀರ್ಣ ಸುಮಾರು 10 ಲಕ್ಷ ಚದರ ಕಿ.ಮೀ., ಜನ 10 ಕೋಟಿ ದಾಟಿದ್ದಾರೆ. ಭಾಗಿಸಿದರೆ ಚದರ ಕಿ.ಮೀ.ಗೆ ನೂರು ಚಿಲ್ಲರೆ ಜನ, ಆರಾಮಾಗಿದೆ ಅನ್ನಿಸುತ್ತೆ. ಆದರೆ ಶೇ. 95ರಷ್ಟು ಜನ ಇರುವುದು ನೈಲ್ ನದಿಯ ಅಕ್ಕಪಕ್ಕದ ಶೇ. 5ರಷ್ಟು ನೆಲದಲ್ಲಿ. ಅಲ್ಲಿ ಲೆಕ್ಕ ಹಾಕಿದರೆ ಸಾಂದ್ರತೆ ಎರಡು ಸಾವಿರದ ಹತ್ತಿರ. ಸರಾಸರಿ ಸುಳ್ಳು ಹೇಳುವುದು ಹೀಗೆ.

ಈಜಿಪ್ಟಿಗೆ ಬರುವ ನೈಲ್ ನೀರಿನಲ್ಲಿ ಸುಮಾರು ಶೇ. 85 ಇಥಿಯೋಪಿಯಾದ ಬೆಟ್ಟಗಳದ್ದು. 1959ರ ಒಪ್ಪಂದದಲ್ಲಿ ಈಜಿಪ್ಟ್ ಮತ್ತು ಸುಡಾನ್ ನೀರು ಹಂಚಿಕೊಂಡವು, ಇಥಿಯೋಪಿಯಾವನ್ನು ಕರೆಯಲೇ ಇಲ್ಲ. ಅದೇ ಇಥಿಯೋಪಿಯಾ 2025ರಲ್ಲಿ ನೈಲ್ ಮೇಲೆ ತನ್ನ ಬೃಹತ್ ಅಣೆಕಟ್ಟನ್ನು ಉದ್ಘಾಟಿಸಿತು. ಅದರ ಸಾಮರ್ಥ್ಯ ನಮ್ಮ ಲೆಕ್ಕದಲ್ಲಿ ಸುಮಾರು 2,600 ಟಿಎಂಸಿ. ಈಜಿಪ್ಟ್ ಅದಕ್ಕೂ ಮೊದಲೇ, 2018ರಲ್ಲಿ, ಭತ್ತ ಬೆಳೆಯುವ ಪ್ರದೇಶಕ್ಕೆ ಕಡಿವಾಣ ಹಾಕಿತ್ತು.

ಈಗ ನಮ್ಮ ನದಿಗೆ ಬನ್ನಿ. ದೇಶನೂರಿಗೆ ಪಶ್ಚಿಮ ಘಟ್ಟವೇ ಇಥಿಯೋಪಿಯಾ. ಮೇಲ್ಭಾಗದಲ್ಲಿ ಭದ್ರಾ ಮೇಲ್ದಂಡೆ ಯೋಜನೆ 29.9 ಟಿಎಂಸಿ ನೀರನ್ನು ಚಿತ್ರದುರ್ಗದ ಕಡೆಯ ಬರದ ತಾಲೂಕುಗಳಿಗೆ ಒಯ್ಯಲಿದೆ. ಅವರಿಗೂ ಬಾಯಾರಿಕೆ ಇದೆ, ಬೇಡ ಅನ್ನೋಕೆ ಆಗುತ್ತಾ? ಕೆಳಗೆ ಆಂಧ್ರ, ತೆಲಂಗಾಣಗಳ ಪಾಲು ಇದೆ. ನಡುವೆ 1953ರಲ್ಲಿ ಮುಗಿದ ತುಂಗಭದ್ರಾ ಜಲಾಶಯ. ಆರಂಭದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105.78ಕ್ಕೆ ಇಳಿದಿದೆ. ಹೋದ 27 ಟಿಎಂಸಿಗೆ ಬದಲಿಯಾಗಿ ನವಲಿ ಸಮಾನಾಂತರ ಜಲಾಶಯದ ಮಾತು ವರ್ಷಗಳಿಂದ ನಡೆಯುತ್ತಲೇ ಇದೆ.

2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಮರುವರ್ಷ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. 33 ಗೇಟುಗಳನ್ನೂ ಬದಲಿಸಬೇಕು, ಹಾಗಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಆಸ್ಟ್ರೇಲಿಯಾದಲ್ಲಿ ಬಿತ್ತನೆ ನಿಂತರೆ ರಫ್ತು ಕಡಿಮೆಯಾಗುತ್ತೆ. ಇಲ್ಲಿ ನಾಟಿ ನಿಂತರೆ ಗುತ್ತಿಗೆ ರೈತನ ಸಾಲ ಬೆಳೆಯುತ್ತೆ, ಕೂಲಿಯವರು ಬೆಂಗಳೂರಿನ ಬಸ್ ಹತ್ತುತ್ತಾರೆ.

ಹಾಗಾದರೆ ಇಸ್ರೇಲ್?

ನಮ್ಮಲ್ಲಿ 2018ರ ರಾಜ್ಯ ಬಜೆಟ್‌ನಲ್ಲೂ ಇಸ್ರೇಲ್ ಮಾದರಿ ಕೃಷಿಯ ಘೋಷಣೆ ಇತ್ತು. ಇಸ್ರೇಲ್ ಸುಮಾರು 22 ಸಾವಿರ ಚದರ ಕಿ.ಮೀ.ನ ದೇಶ, ಒಂದು ಕೋಟಿಯಷ್ಟು ಜನ, ಬಹುಪಾಲು ನಗರವಾಸಿಗಳು. ಕೊಳಚೆ ನೀರಿನ ಬಹುಭಾಗವನ್ನು ಶುದ್ಧೀಕರಿಸಿ ಹೊಲಕ್ಕೆ ಕೊಡುತ್ತೆ, ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತೆ. ಹನಿ ನೀರಾವರಿ ಅದರಲ್ಲಿ ಒಂದು ತುಂಡು ಮಾತ್ರ. ಇನ್ನೊಂದು ವಿಷಯ: ಆ ನೀರಲ್ಲಿ ಅವರು ತರಕಾರಿ, ಹಣ್ಣು ಬೆಳೀತಾರೆ, ಅನ್ನದ ಧಾನ್ಯವನ್ನು ಬಹುಪಾಲು ಆಮದು ಮಾಡಿಕೊಳ್ಳುತ್ತಾರೆ. ಪೈಪ್ ತಂದು ಜೋಡಿಸಿದರೆ ಮಾದರಿ ಬರುವುದಿಲ್ಲ.

ಭತ್ತ ಬಿಡಿ ಅಂತ ಹೇಳೋದು ಸುಲಭ. ಆದರೆ ಕಾಲುವೆಯಲ್ಲಿ ನೀರು ಬಂದಾಗ ಇಡೀ ಗದ್ದೆಬಯಲು ಒಟ್ಟಿಗೆ ತುಂಬುತ್ತೆ. ಪಕ್ಕದವರ ಗದ್ದೆಯ ನೀರು ಬಸಿದು ಬರುವಾಗ ಒಬ್ಬ ರೈತ ಕಡಲೆ ಬಿತ್ತಿ ಉಳಿಸಿಕೊಳ್ಳಲು ಆಗಲ್ಲ. ಬೆಳೆ ಬದಲಾಗಬೇಕಾದರೆ ನೀರು ಬಿಡುವ ಕ್ರಮ, ಖರೀದಿ ಕೇಂದ್ರ, ಬೆಂಬಲ ಬೆಲೆ ಎಲ್ಲವೂ ಜೊತೆಯಲ್ಲೇ ಬದಲಾಗಬೇಕು. ಅದು ಸರ್ಕಾರದ ಕೆಲಸ.

ಆದ್ದರಿಂದ ಮುಂದಿನ ಸಲ ಯಾರಾದರೂ ದೇಶಗಳ ಪಟ್ಟಿ ಹಿಡಿದು ಬಂದರೆ ಮೂರು ಪ್ರಶ್ನೆ ಕೇಳಿ. ಸರಾಸರಿ ಬಿಡಿ, ಮಳೆ ಎಲ್ಲಿ ಬೀಳುತ್ತೆ? ನದಿಯ ತಲೆ ಯಾರ ಕೈಯಲ್ಲಿದೆ? ಒಂದು ಹಂಗಾಮು ನೀರು ತಪ್ಪಿದರೆ ಎಷ್ಟು ಜನ ಊರು ಬಿಡಬೇಕು? ಮೂರನೆಯದಕ್ಕೆ ಉತ್ತರ ಯಾವ ಪಟ್ಟಿಯಲ್ಲೂ ಇರಲ್ಲ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಗಂಟುಮೂಟೆ ಇಟ್ಟುಕೊಂಡು ಕೂತವರನ್ನು ಕೇಳಿದರೆ ಸಿಗುತ್ತೆ.