ಗಡಸು ಲೆನ್ಸ್ ತೆಗೆಯುವ ಪ್ಲಂಜರ್: ಒತ್ತುವ ಮುನ್ನ ಲೆನ್ಸ್ ಎಲ್ಲಿದೆ ನೋಡಿ

ಗಡಸು ಕಾಂಟ್ಯಾಕ್ಟ್ ಲೆನ್ಸ್ ಧರಿಸುವ ಅನೇಕರ ಬಳಿ ಬೆರಳುದ್ದದ ಪುಟ್ಟ ರಬ್ಬರ್ ಸಾಧನವೊಂದು ಇರುತ್ತದೆ. ಕಡ್ಡಿಯಂತಹ ಹಿಡಿಕೆ, ಅದರ ತುದಿಯಲ್ಲಿ ಚಿಕ್ಕದೊಂದು ಬಟ್ಟಲು. ಪ್ಲಂಜರ್, ಸಕ್ಷನ್ ಕಪ್, ಲೆನ್ಸ್ ರಿಮೂವರ್ ಎಂಬ ಹೆಸರುಗಳಿಂದ ಕರೆಯಲಾಗುವ ಈ ಸಾಧನ, ಬೆರಳುಗಳಿಂದ ಲೆನ್ಸ್ ತೆಗೆಯಲಾಗದವರಿಗೆ ದೊಡ್ಡ ಅನುಕೂಲ. ಆದರೆ ಇದೇ ಸಾಧನವನ್ನು ಲೆನ್ಸ್ ಇಲ್ಲದ ಕಣ್ಣಿಗೆ ಒತ್ತಿದರೆ ಅದು ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾವನ್ನೇ ಹಿಡಿದೆಳೆಯುತ್ತದೆ. ಆದ್ದರಿಂದ ಪ್ಲಂಜರ್ ಬಳಕೆಯಲ್ಲಿ ಕೈಚಳಕಕ್ಕಿಂತಲೂ ಮುಖ್ಯವಾದುದು, ಲೆನ್ಸ್ ಎಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

ಯಾರಿಗೆ ಬೇಕು?

ಕಾಂಟ್ಯಾಕ್ಟ್ ಲೆನ್ಸ್‌ಗಳಲ್ಲಿ ಮೃದು ಮತ್ತು ಗಡಸು ಎಂಬ ಎರಡು ಮುಖ್ಯ ಬಗೆಗಳಿವೆ. ಇಂದು ಹೆಚ್ಚು ಬಳಕೆಯಲ್ಲಿರುವುದು ಮೃದು ಲೆನ್ಸ್. ಅದನ್ನು ಬೆರಳುಗಳಿಂದ ಮೆಲ್ಲಗೆ ಚಿವುಟಿ ತೆಗೆಯಬಹುದು. ಅದಕ್ಕೆ ಈ ರಬ್ಬರ್ ಪ್ಲಂಜರ್ ಬಳಸುವಂತಿಲ್ಲ. ಗಡಸು ಲೆನ್ಸ್ ಮಡಚಿಕೊಳ್ಳದು. ಆದ್ದರಿಂದ ಅದನ್ನು ತೆಗೆಯುವ ಕ್ರಮವೇ ಬೇರೆ.

ಗಡಸು ಲೆನ್ಸ್‌ನ ಇತಿಹಾಸ ಹಳೆಯದು. 1888ರಲ್ಲಿ ಅಡಾಲ್ಫ್ ಫಿಕ್ ಎಂಬ ವೈದ್ಯರು ಗಾಜಿನ ಲೆನ್ಸ್ ಕುರಿತು ಬರೆದ ವರದಿ ಪ್ರಕಟವಾಯಿತು. ಆ ಲೆನ್ಸ್ ಕಣ್ಣಿನ ಬಿಳಿಭಾಗದ ಮೇಲೆ ಕೂರುವಷ್ಟು ದೊಡ್ಡದಾಗಿತ್ತು. 1948ರಲ್ಲಿ ಅಮೆರಿಕದ ಕೆವಿನ್ ಟುಯೋಹಿ, ಕಾರ್ನಿಯಾವನ್ನು ಮಾತ್ರ ಆವರಿಸುವ ಪುಟ್ಟ ಪ್ಲಾಸ್ಟಿಕ್ ಲೆನ್ಸ್ ರೂಪಿಸಿದರು. ಆದರೆ ಆ ಪ್ಲಾಸ್ಟಿಕ್ ಮೂಲಕ ಆಮ್ಲಜನಕ ಹಾದುಹೋಗುತ್ತಿರಲಿಲ್ಲ. ಆಮ್ಲಜನಕ ಹಾಯಬಲ್ಲ ಗಡಸು ಲೆನ್ಸ್‌ಗಳು 1970ರ ದಶಕದ ಕೊನೆಯ ವೇಳೆಗೆ ಬಂದವು. ಆರ್‌ಜಿಪಿ ಎಂದು ಕರೆಯಲಾಗುವ ಲೆನ್ಸ್‌ಗಳು ಇವೇ. ಇಂತಹ ವಸ್ತುಗಳು ದೊರೆತ ಬಳಿಕ, ಬಿಳಿಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್‌ಗಳಿಗೂ ಮರುಜೀವ ಬಂದಿತು. ಅವುಗಳನ್ನು ಸ್ಕ್ಲೀರಲ್ ಲೆನ್ಸ್ ಎನ್ನುತ್ತಾರೆ.

ಹದಿಹರೆಯದಲ್ಲಿ ಆರಂಭವಾಗುವ ಕೆರಟೊಕೋನಸ್ ಎಂಬ ತೊಂದರೆಯಲ್ಲಿ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ತೊಂದರೆ ಬಲಿತಾಗ ಕನ್ನಡಕದಿಂದ ಸ್ಪಷ್ಟ ದೃಷ್ಟಿ ದೊರೆಯುವುದಿಲ್ಲ. ಗಡಸು ಲೆನ್ಸ್ ಮತ್ತು ಅದರಡಿಯ ಕಣ್ಣೀರಿನ ಪದರ ಸೇರಿ ಏರುತಗ್ಗಿನ ಕಾರ್ನಿಯಾದ ಮೇಲೆ ನಯವಾದ ಹೊಸ ಮೇಲ್ಮೈ ಒದಗಿಸುತ್ತವೆ. ಕಾರ್ನಿಯಾ ಕಸಿ ಮಾಡಿಸಿಕೊಂಡ ಕೆಲವರಿಗೆ ಹಾಗೂ ಕಣ್ಣು ತೀವ್ರವಾಗಿ ಒಣಗುವವರಿಗೂ ವೈದ್ಯರು ಇಂತಹ ಲೆನ್ಸ್ ಸೂಚಿಸುತ್ತಾರೆ. ಇವರಿಗೆ ಲೆನ್ಸ್ ಅಲಂಕಾರದ ವಸ್ತುವಲ್ಲ. ಓದು, ಉದ್ಯೋಗ, ಓಡಾಟ ಎಲ್ಲವೂ ಅದನ್ನೇ ಅವಲಂಬಿಸಿರುತ್ತವೆ. ಕಾರ್ನಿಯಾಕ್ಕೆ ಗಾಯವಾಗಿ ಕೆಲವು ದಿನ ಲೆನ್ಸ್ ಧರಿಸಲಾಗದಿದ್ದರೂ ದಿನಚರಿಯೇ ನಿಂತುಬಿಡುತ್ತದೆ.

ಹಿಡಿತದ ಗುಟ್ಟು

ಗೋಡೆಯ ಟೈಲ್ಸ್‌ಗೆ ಅಂಟಿಸುವ ರಬ್ಬರ್ ಕೊಕ್ಕೆಯ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಬಟ್ಟಲನ್ನು ಒದ್ದೆಯಾದ ನಯ ಮೇಲ್ಮೈಗೆ ಒತ್ತಿದಾಗ ಒಳಗಿನ ಗಾಳಿ ಹೊರಬೀಳುತ್ತದೆ. ರಬ್ಬರ್ ತನ್ನ ಮೊದಲಿನ ಆಕಾರಕ್ಕೆ ಮರಳಲೆತ್ನಿಸಿದಾಗ ಒಳಗೆ ಒತ್ತಡ ತಗ್ಗಿ, ಹೊರಗಿನ ಗಾಳಿಯ ಒತ್ತಡವು ಬಟ್ಟಲನ್ನು ಮೇಲ್ಮೈಗೆ ಬಿಗಿಯಾಗಿ ಹಿಡಿದಿಡುತ್ತದೆ.

ಅಪಾಯ ಅಡಗಿರುವುದೂ ಇಲ್ಲಿಯೇ. ಕಾರ್ನಿಯಾ ಕೂಡ ಲೆನ್ಸ್‌ನಂತೆಯೇ ನಯ ಮತ್ತು ಒದ್ದೆ. ಅದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಹೊರಪದರವಂತೂ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ. ಲೆನ್ಸ್ ಯಾವುದು, ಕಣ್ಣು ಯಾವುದು ಎಂಬ ವ್ಯತ್ಯಾಸ ರಬ್ಬರ್ ಬಟ್ಟಲಿಗೆ ತಿಳಿಯದು. ಬರಿಯ ಕಾರ್ನಿಯಾಕ್ಕೆ ಅಂಟಿದ ಬಟ್ಟಲನ್ನು ಎಳೆದರೆ ಈ ಹೊರಪದರ ತರಚಿಹೋಗಬಹುದು. ಹಾಗೆ ತೆರೆದುಕೊಂಡ ಗಾಯ ಸೋಂಕಿಗೆ ದಾರಿಯಾಗುತ್ತದೆ.

ಎಡವುವುದು ಎಲ್ಲಿ?

ಲೆನ್ಸ್ ತಾನಾಗಿಯೇ ಕಳಚಿ ಬಿದ್ದಿರಬಹುದು ಅಥವಾ ಬಿಳಿಭಾಗಕ್ಕೆ ಸರಿದಿರಬಹುದು. ದೃಷ್ಟಿ ಮಂದವಿರುವವರು ಕನ್ನಡಿಯ ಮುಂದೆ ಅದನ್ನು ಗುರುತಿಸದೆ, 'ಹಿಡಿತ ಸಿಗಲಿಲ್ಲ' ಎಂದು ಪದೇ ಪದೇ ಒತ್ತುವುದುಂಟು. ಒಂದು ಕಣ್ಣಿನ ಲೆನ್ಸ್ ತೆಗೆದೊಡನೆ ಆ ಕಣ್ಣಿನ ನೋಟ ಮಸುಕಾಗುವುದರಿಂದ, ಎರಡನೆಯದನ್ನು ತೆಗೆಯುವಾಗ ಗೊಂದಲ ಇನ್ನೂ ಹೆಚ್ಚು.

ಇದನ್ನು ತಪ್ಪಿಸಲು ಸರಳ ಪರೀಕ್ಷೆಯೊಂದಿದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಎದುರಿನ ಕ್ಯಾಲೆಂಡರ್ ಅಥವಾ ಗಡಿಯಾರವನ್ನು ನೋಡಬೇಕು. ಎಂದಿನಂತೆ ಸ್ಪಷ್ಟವಾಗಿ ಕಂಡರೆ ಲೆನ್ಸ್ ಸ್ವಸ್ಥಾನದಲ್ಲಿದೆ ಎಂದರ್ಥ. ಮಸುಕಾಗಿ ಕಂಡರೆ ಪ್ಲಂಜರ್ ಕೈಗೆತ್ತಿಕೊಳ್ಳಬಾರದು. ಒಳ್ಳೆಯ ಬೆಳಕಿನಲ್ಲಿ ಕನ್ನಡಿ ನೋಡಿ ಲೆನ್ಸ್‌ನ ಅಂಚನ್ನು ಹುಡುಕಬೇಕು, ಇಲ್ಲವೇ ಮನೆಯವರ ನೆರವು ಪಡೆಯಬೇಕು. ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟರೆ ಅಂಚು ಹೊಳೆಯುತ್ತದೆ.

ಲೆನ್ಸ್ ಕಣ್ಣಿನ ಹಿಂಭಾಗಕ್ಕೆ ಹೋಗಿಬಿಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ರೆಪ್ಪೆಯ ಒಳಮೈ ಮತ್ತು ಕಣ್ಣಿನ ಬಿಳಿಭಾಗವನ್ನು ಒಂದೇ ತೆಳುಪೊರೆ ಮಡಿಕೆಯಾಗಿ ಜೋಡಿಸಿರುವುದರಿಂದ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ.

ಬಳಸುವ ಕ್ರಮ

ಬಳಕೆಯ ಕ್ರಮವನ್ನು ಮೊದಲು ನೇತ್ರ ಚಿಕಿತ್ಸಾಲಯದಲ್ಲಿಯೇ ಕಲಿಯಬೇಕು. ಮನೆಯಲ್ಲಿ ಗಮನಿಸಬೇಕಾದ ಅಂಶಗಳು ಹೀಗಿವೆ:

* ಕೈಗಳನ್ನು ಸೋಪಿನಿಂದ ತೊಳೆದು, ನೂಲು ಬಿಡದ ಶುಭ್ರ ಬಟ್ಟೆಯಿಂದ ಸಂಪೂರ್ಣ ಒರೆಸಿಕೊಳ್ಳಬೇಕು. ಮೇಜಿನ ಮೇಲೆ ಶುಭ್ರ ಬಟ್ಟೆ ಹಾಸಿದ್ದರೆ ಲೆನ್ಸ್ ಬಿದ್ದರೂ ಕಳೆದುಹೋಗದು. ವಾಶ್‌ಬೇಸಿನ್ ಬಳಿಯಾದರೆ ಅದರ ತೂತು ಮುಚ್ಚಿರಲಿ.
* ಬಟ್ಟಲಿನ ತುದಿಯನ್ನು ವೈದ್ಯರು ಸೂಚಿಸಿದ ಲೆನ್ಸ್ ದ್ರಾವಣ ಅಥವಾ ಶುದ್ಧೀಕರಿಸಿದ ಸಲೈನ್‌ನಿಂದ ತೇವಗೊಳಿಸಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು, ಎಂಜಲು ಸರ್ವಥಾ ಬೇಡ.
* ಲೆನ್ಸ್ ಬಿಗಿಯಾಗಿ ಕುಳಿತಿದ್ದರೆ ಸೂಚಿತ ಹನಿಗಳನ್ನು ಹಾಕಿ ಕೆಲವು ನಿಮಿಷ ಕಾಯಬೇಕು. ರಾತ್ರಿ ಮಾತ್ರ ಧರಿಸುವ ಗಡಸು ಲೆನ್ಸ್‌ಗಳು ಬೆಳಗ್ಗೆ ಹೀಗೆ ಅಂಟಿಕೊಂಡಿರುವುದುಂಟು. ಲೆನ್ಸ್ ಕದಲುತ್ತಿದೆ ಎಂಬುದು ಖಚಿತವಾದ ಬಳಿಕವೇ ತೆಗೆಯಬೇಕು.
* ಒಂದು ಕೈಯಿಂದ ರೆಪ್ಪೆಗಳನ್ನು ಅಗಲಿಸಿ, ಕನ್ನಡಿ ನೋಡುತ್ತ ಬಟ್ಟಲನ್ನು ಲೆನ್ಸ್‌ಗೆ ಹಗುರವಾಗಿ ತಾಗಿಸಬೇಕು. ಹಿಡಿತ ಸಿಕ್ಕ ನಂತರ ನೇರವಾಗಿ ಜಗ್ಗದೆ, ಒಂದು ಅಂಚು ಮೊದಲು ಮೇಲೇಳುವಂತೆ ವಾರೆಯಾಗಿ ತೆಗೆಯಬೇಕು.
* ಬಟ್ಟಲಿನಿಂದ ಲೆನ್ಸ್ ಬಿಡಿಸುವಾಗ ಪಕ್ಕಕ್ಕೆ ಜಾರಿಸಬೇಕು. ಕಿತ್ತರೆ ಲೆನ್ಸ್ ಸೀಳಬಹುದು ಅಥವಾ ಆಕಾರ ಕೆಡಬಹುದು.

ಸ್ಕ್ಲೀರಲ್ ಲೆನ್ಸ್: ನಡುವೆ ಹಿಡಿಯಬೇಡಿ

ಕಾರ್ನಿಯಾದ ಮೇಲೆ ಕೂರುವ ಗಡಸು ಲೆನ್ಸ್‌ನ ವ್ಯಾಸ ಸಾಮಾನ್ಯವಾಗಿ 9ರಿಂದ 10 ಮಿ.ಮೀ. ಕಣ್ಣಿನ ಹೊರಮೂಲೆಯನ್ನು ಎಳೆದು ರೆಪ್ಪೆ ಮಿಟುಕಿಸಿದರೆ ಅದು ಹೆಚ್ಚಿನವರಿಗೆ ಪ್ಲಂಜರ್ ಇಲ್ಲದೆಯೇ ಹೊರಬರುತ್ತದೆ. ಸ್ಕ್ಲೀರಲ್ ಲೆನ್ಸ್‌ಗಳ ವ್ಯಾಸ 15 ಮಿ.ಮೀ.ಗೂ ಹೆಚ್ಚಿರಬಹುದು. ಮಿಟುಕಿಸಿದರೆ ಅವು ಬರುವುದಿಲ್ಲ. ಆದ್ದರಿಂದ ಇವುಗಳನ್ನು ಬಳಸುವವರಿಗೆ ಪ್ಲಂಜರ್ ನಿತ್ಯದ ಸಾಧನ.

ಈ ಲೆನ್ಸ್ ಮತ್ತು ಕಾರ್ನಿಯಾದ ನಡುವೆ ದ್ರವ ತುಂಬಿರುತ್ತದೆ. ಬಟ್ಟಲನ್ನು ನಟ್ಟನಡುವೆ ಅಂಟಿಸಿ ಎಳೆದರೆ ಲೆನ್ಸ್‌ನ ಅಡಿಯಲ್ಲಿ ಇನ್ನಷ್ಟು ಸೆಳೆತ ಉಂಟಾಗಿ ಕಣ್ಣಿಗೆ ಒತ್ತಡ ಬೀಳುತ್ತದೆ. ಮೊದಲು ಕೆಳರೆಪ್ಪೆಯ ಮೇಲಿಂದ ಲೆನ್ಸ್‌ನ ಅಂಚಿನ ಬಳಿ ಬೆರಳಿನಿಂದ ಮೆಲ್ಲಗೆ ಒತ್ತಿ, ಒಳಗೆ ಗಾಳಿ ಸೇರುವಂತೆ ಮಾಡಬೇಕು. ಬಳಿಕ ಬಟ್ಟಲನ್ನು ಲೆನ್ಸ್‌ನ ಕೆಳಭಾಗದಲ್ಲಿ, ಅಂಚಿಗೆ ಸಮೀಪವಾಗಿ ಇಟ್ಟು, ಕೆಳ ಅಂಚು ಮೊದಲು ಬಿಡುವಂತೆ ಹೊರಕ್ಕೆ ಮತ್ತು ಮೇಲಕ್ಕೆ ಎತ್ತಬೇಕು. ಕಾರ್ನಿಯಾ ಕಸಿಯಾದವರು ವಿಶೇಷ ಎಚ್ಚರ ವಹಿಸಬೇಕು. ಕಸಿಯಾದ ಕಾರ್ನಿಯಾದಲ್ಲಿ ಸ್ಪರ್ಶಜ್ಞಾನ ಕಡಿಮೆ ಇರುವುದರಿಂದ, ಪೆಟ್ಟಾದರೂ ನೋವು ತಕ್ಷಣ ತಿಳಿಯದಿರಬಹುದು.

ಲೆನ್ಸ್ ಹಾಕಲು ಬಳಸುವ ಪ್ಲಂಜರ್ ಬೇರೆ ಬಗೆಯದು. ಅದರ ಬಟ್ಟಲು ಸಾಮಾನ್ಯವಾಗಿ ದೊಡ್ಡದು. ತೆಗೆಯಲು ಕೊಟ್ಟ ಸಾಧನ ಯಾವುದೆಂದು ಮೊದಲೇ ಕೇಳಿ ತಿಳಿದುಕೊಳ್ಳುವುದು ಒಳಿತು.

ಶುಚಿತ್ವ ಮತ್ತು ಚಿಕಿತ್ಸೆ

ಲೆನ್ಸ್ ತೊಳೆಯುವಷ್ಟೇ ಶ್ರದ್ಧೆಯಿಂದ ಪ್ಲಂಜರನ್ನೂ ಶುಚಿಯಾಗಿಡಬೇಕು. ತೇವ ಉಳಿದ ಬಟ್ಟಲಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ನಲ್ಲಿ, ಬಾವಿ, ತೊಟ್ಟಿಗಳ ನೀರಿನಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕು ಅಪರೂಪವಾದರೂ, ತಗುಲಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯಬಹುದು; ದೃಷ್ಟಿಯೂ ನಷ್ಟವಾಗಬಹುದು. ಬಳಕೆಯ ನಂತರ ತಯಾರಕರ ಸೂಚನೆಯಂತೆ ಪ್ಲಂಜರ್ ಶುಚಿಗೊಳಿಸಿ ಒಣಗಿಸಬೇಕು. ಬಿರುಕು ಬಿಟ್ಟ ಅಥವಾ ಗಟ್ಟಿಯಾದ ಬಟ್ಟಲನ್ನು ಎಸೆದು, ಕೆಲವು ತಿಂಗಳಿಗೊಮ್ಮೆ ಹೊಸದನ್ನು ಕೊಳ್ಳಬೇಕು. ಒಬ್ಬರ ಪ್ಲಂಜರನ್ನು ಇನ್ನೊಬ್ಬರು ಬಳಸಬಾರದು.

ಎರಡು-ಮೂರು ಪ್ರಯತ್ನಗಳಲ್ಲಿ ಲೆನ್ಸ್ ಬಾರದಿದ್ದರೆ ಬಲಪ್ರಯೋಗ ನಿಲ್ಲಿಸಿ ನೇತ್ರತಜ್ಞರ ಬಳಿ ಹೋಗಬೇಕು. ಲೆನ್ಸ್ ತೆಗೆದ ನಂತರವೂ ನೋವು, ಕೆಂಪು, ನೀರು ಸೋರುವಿಕೆ, ಬೆಳಕು ಸಹಿಸಲಾಗದಿರುವಿಕೆ ಅಥವಾ ಮಂಜು ದೃಷ್ಟಿ ಕಂಡುಬಂದರೆ ಮರುದಿನಕ್ಕೆ ಮುಂದೂಡಬಾರದು. ಮೆಡಿಕಲ್ ಅಂಗಡಿಯಿಂದ ತಂದ ಸ್ಟೀರಾಯ್ಡ್ ಅಥವಾ ಮರವು ಬರಿಸುವ ಹನಿಗಳನ್ನು ಸ್ವಂತ ನಿರ್ಧಾರದಿಂದ ಹಾಕಿದರೆ ತೊಂದರೆ ಉಲ್ಬಣಿಸಬಹುದು. ಲೆನ್ಸ್‌ನಿಂದಾದ ತರಚುಗಾಯದ ಮೇಲೆ ಪಟ್ಟಿ ಕಟ್ಟುವುದೂ ಸರಿಯಲ್ಲ. ವೈದ್ಯರು ಅನುಮತಿ ನೀಡುವವರೆಗೆ ಆ ಕಣ್ಣಿಗೆ ಲೆನ್ಸ್ ಮತ್ತೆ ಧರಿಸಬಾರದು. ತಪಾಸಣೆಗೆ ಹೋಗುವಾಗ ಲೆನ್ಸ್, ಅದರ ಡಬ್ಬಿ ಮತ್ತು ಪ್ಲಂಜರ್ ಮೂರನ್ನೂ ಜೊತೆಗೆ ಒಯ್ದರೆ ಸೋಂಕಿನ ಮೂಲ ಪತ್ತೆಹಚ್ಚಲು ವೈದ್ಯರಿಗೆ ನೆರವಾಗುತ್ತದೆ.